ಎಣ್ಣೆ (ಕೀಟನಾಶಕ) ಹೊಡೆಯುವ ಪಂಪಿಗೆ ಜೋಡಿಸಿದ ಬೈಕ್ ಎಂಜಿನ್: ಸುತ್ತಿನ ಮಿತಿಯನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದೇ?

ಹತ್ತಿ ಬೆಳೆಗಾರ, ಮಾನ್ವಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮಾನ್ವಿ ತಾಲ್ಲೂಕಿನಲ್ಲಿ ನಮಗೆ ಆರು ಎಕರೆ ಹತ್ತಿ ಮತ್ತು ಮೂರು ಎಕರೆ ಮೆಣಸಿನಕಾಯಿ ಇದೆ. ಹತ್ತಿ ಎದೆಮಟ್ಟಕ್ಕೆ ಬೆಳೆದ ಮೇಲೆ ಬೆನ್ನಿನ ಪಂಪು ಹೊತ್ತು ಸಾಲಿನೊಳಗೆ ನಡೆಯುವುದು ಬಹಳ ಕಷ್ಟ. ಆದ್ದರಿಂದ ಎರಡು ವರ್ಷಗಳ ಹಿಂದೆ ಹಳೆಯ 100 ಸಿಸಿ ಬೈಕೊಂದರ ಎಂಜಿನ್ನನ್ನು ಇಳಿಸಿ, ಕಬ್ಬಿಣದ ಚೌಕಟ್ಟಿನ ಗಾಡಿಯ ಮೇಲೆ ಕೂರಿಸಿ, ಔಷಧವನ್ನು ಒತ್ತಡದಿಂದ ಚಿಮ್ಮಿಸುವ ಮೂರು ಪಿಸ್ಟನ್ನಿನ ಎಚ್‌ಟಿಪಿ ಪಂಪಿಗೆ ಜೋಡಿಸಿಕೊಂಡೆವು. ಎಂಜಿನ್ನನ್ನು ನಾಲ್ಕನೇ ಗೇರಿನಲ್ಲಿಟ್ಟು, ಹಿಂಚಕ್ರಕ್ಕೆ ಹೋಗುತ್ತಿದ್ದ ಚೈನನ್ನು ಒಂದು ಅಡ್ಡ ಶಾಫ್ಟಿಗೆ ತಂದು, ಅಲ್ಲಿಂದ ವಿ-ಬೆಲ್ಟಿನಲ್ಲಿ ಪಂಪನ್ನು ತಿರುಗಿಸುತ್ತೇವೆ. ಎಂಜಿನ್ ನಿಮಿಷಕ್ಕೆ 3800 ಸುತ್ತಿನಲ್ಲಿದ್ದಾಗ ಪಂಪು 900ರ ಆಸುಪಾಸಿನಲ್ಲಿ ತಿರುಗುವಂತೆ ಪುಲ್ಲಿಗಳನ್ನು ಆರಿಸಿದ್ದೇವೆ. ಎಕ್ಸಲೇಟರ್ ತಂತಿಯನ್ನು ಬೇಕಾದಷ್ಟು ಎಳೆದು ಒಂದು ಬೋಲ್ಟಿಗೆ ಬಿಗಿದುಬಿಡುತ್ತೇವೆ.

ಕಳೆದ ಸೆಪ್ಟೆಂಬರಿನಲ್ಲಿ ಗುಲಾಬಿ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುತ್ತಿದ್ದಾಗ ನಾನು ನೂರು ಮೀಟರ್ ಪೈಪಿನ ತುದಿಯಲ್ಲಿ ಗನ್ ಹಿಡಿದಿದ್ದೆ. ಗಾಡಿಯ ಬಳಿ ಇರಬೇಕಾಗಿದ್ದ ತಮ್ಮ ನೀರು ತರಲು ಕಾಲುವೆಗೆ ಹೋಗಿದ್ದ. ಅಷ್ಟರಲ್ಲಿ 200 ಲೀಟರಿನ ಡ್ರಮ್ಮು ಬರಿದಾಗಿ, ಪಂಪು ಗಾಳಿಯನ್ನು ಎಳೆಯತೊಡಗಿ, ಎಂಜಿನ್ನಿನ ಮೇಲಿದ್ದ ಭಾರವೆಲ್ಲ ಒಮ್ಮೆಲೇ ಇಳಿದುಹೋಯಿತು. ನಾವು ಹಿಂದೆಂದೂ ಕೇಳದಷ್ಟು ಜೋರಾಗಿ ಎಂಜಿನ್ ರೇಸ್ ಆಯಿತು. ಗಿಡಗಳ ನಡುವೆ ದಾರಿ ಮಾಡಿಕೊಂಡು ಓಡಿಬಂದು ಪ್ಲಗ್ಗಿನ ಕ್ಯಾಪಿಗೆ ಕೈಹಾಕುವಷ್ಟರಲ್ಲಿ ಒಳಗೆ ಟಕ್ಕೆಂದು ಸದ್ದಾಗಿ ಅದು ತಾನಾಗಿಯೇ ನಿಂತಿತು. ಬಿಚ್ಚಿ ನೋಡಿದರೆ ಎಕ್ಸಾಸ್ಟ್ ವಾಲ್ವು ಬಾಗಿತ್ತು, ಪಿಸ್ಟನ್ನಿನ ತಲೆಯ ಮೇಲೆ ಅದರ ಅಚ್ಚು ಮೂಡಿತ್ತು. ರಿಪೇರಿಯ ಖರ್ಚಿಗಿಂತಲೂ, ಹುಳ ಏರುತ್ತಿದ್ದ ಆ ವಾರದಲ್ಲಿ ಎಂಟು ದಿನ ಪಂಪು ನಿಂತದ್ದೇ ನಮಗೆ ದೊಡ್ಡ ನಷ್ಟವಾಯಿತು.

ಎಂಜಿನ್ನನ್ನು ಈಗ ಸರಿಪಡಿಸಿದ್ದೇವೆ. ಇದೇ ತಪ್ಪು ಮತ್ತೆ ಆಗದಂತೆ, ಒಂದು ಮಿತಿಯನ್ನು ದಾಟಿದ ಕೂಡಲೇ ಕಿಡಿಯನ್ನು ಕಡಿಯುವ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. ಪ್ಲಗ್ಗಿನ ದಪ್ಪ ವೈರಿಗೆ ತೆಳುವಾದ ತಂತಿಯನ್ನು ಸುತ್ತಿ, 555 ಎಂಬ ಟೈಮರ್ ಐಸಿಯ ಮೂಲಕ ಸುತ್ತುಗಳನ್ನು ಎಣಿಸಿ, ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಿಂದ ಎಂಜಿನ್ನನ್ನು ತಡೆಯುವ ವಿಡಿಯೊಗಳನ್ನು ನೋಡಿದ್ದೇನೆ. ನಮ್ಮ ಎಂಜಿನ್ನಿಗೆ ಬ್ಯಾಟರಿ ಇಲ್ಲ, ಕಿಕ್ ಹೊಡೆದರೆ ಹಾಗೆಯೇ ಹೊತ್ತಿಕೊಳ್ಳುತ್ತದೆ. ಡಿಪ್ಲೊಮಾದಲ್ಲಿ ಕಲಿತಷ್ಟು ಬೆಸುಗೆಯ ಕೆಲಸ ನನಗೆ ಬರುತ್ತದೆ. ಈ ದಾರಿ ಸರಿಯೇ, ಎಷ್ಟು ಸುತ್ತಿಗೆ ಮಿತಿ ಇಡಬೇಕು, ಯಾವ ವೈರಿಗೆ ಕೈಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.


ಗ್ಯಾರೇಜಿನವರು, ಬಳ್ಳಾರಿ

ಅಣ್ಣನವರಿಗೆ ನಮಸ್ಕಾರ. ಇಪ್ಪತ್ತಾರು ವರ್ಷಗಳಿಂದ ಬಳ್ಳಾರಿಯಲ್ಲಿ ಬೈಕ್ ಎಂಜಿನ್ನುಗಳ ಕೆಲಸ ಮಾಡುತ್ತಿದ್ದೇನೆ. ಸಿರುಗುಪ್ಪದ ಕಡೆಯಿಂದ ಮೆಣಸಿನಕಾಯಿ ಹೊಲಗಳ ಇಂಥ ಎಂಜಿನ್ನುಗಳು ನನ್ನ ಬಳಿಗೂ ಬರುತ್ತವೆ. ತಮ್ಮ ಎಂಜಿನ್ನಿಗೆ ಆದದ್ದನ್ನೇ ಅವುಗಳಲ್ಲೂ ಕಂಡಿದ್ದೇನೆ.

ಡೀಸೆಲ್ ಪಂಪ್‌ಸೆಟ್ಟಾಗಲಿ ಸೀಮೆಎಣ್ಣೆಯ ಪಂಪ್‌ಸೆಟ್ಟಾಗಲಿ ಗವರ್ನರ್ ಇಲ್ಲದೆ ಕಾರ್ಖಾನೆಯಿಂದ ಹೊರಬರುವುದಿಲ್ಲ. ವೇಗ ಏರಿದಂತೆ ಅದರೊಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು, ಸನ್ನೆಯ ಮೂಲಕ ಇಂಧನವನ್ನು ತಗ್ಗಿಸುತ್ತವೆ, ವೇಗ ಇಳಿದರೆ ಮತ್ತೆ ಏರಿಸುತ್ತವೆ. ಬೈಕಿನ ಎಂಜಿನ್ನಿಗೆ ಅದನ್ನು ಇಡಲಿಲ್ಲ, ಏಕೆಂದರೆ ಸವಾರನ ಬಲಗೈಯೇ ಅದರ ಗವರ್ನರ್. ತಾವು ಆ ಕೈಯನ್ನು ತೆಗೆದು ಅದರ ಜಾಗದಲ್ಲಿ ಬೋಲ್ಟು ಬಿಗಿದಿದ್ದೀರಿ. ಎಕ್ಸಲೇಟರನ್ನು ಕಾಲು ಭಾಗ ಮಾತ್ರ ತೆರೆದಿಟ್ಟರೆ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ, ಆದರೆ ಸಾಕಾಗುವುದಿಲ್ಲ. ಭಾರವಿರುವಾಗ 3800 ಸುತ್ತಿಗೆ ಬೇಕಾಗುವಷ್ಟು ಪೆಟ್ರೋಲು ಮತ್ತು ಗಾಳಿ, ಭಾರವೇ ಇಲ್ಲದಾಗ ಅದೇ ಎಂಜಿನ್ನನ್ನು ಅದರ ಎರಡು ಪಟ್ಟಿಗೂ ಮೀರಿ ಓಡಿಸಬಲ್ಲದು.

ವೇಗ ಏರಿದಾಗ ಒಳಗೆ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಿತಿಯ ಅಂಕಿ ಅದರ ಮೇಲೆಯೇ ನಿಂತಿದೆ. ಪಿಸ್ಟನ್ನು ಮೇಲೆ ಹೋಗಿ ನಿಂತು ಕೆಳಗೆ ತಿರುಗುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತವು ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 4000 ಸುತ್ತಿನಲ್ಲಿ ಇದ್ದ ಎಳೆತ 8000 ಸುತ್ತಿನಲ್ಲಿ ನಾಲ್ಕು ಪಟ್ಟು, 10000 ಸುತ್ತಿನಲ್ಲಿ ಆರೂಕಾಲು ಪಟ್ಟು ಆಗುತ್ತದೆ. ವಾಲ್ವಿನ ಕಥೆಯೂ ಹಾಗೆಯೇ. ವಾಲ್ವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಸ್ಪ್ರಿಂಗಿನ ಬಲ ಎಷ್ಟಿದೆಯೋ ಅಷ್ಟೇ, ಅದು ವೇಗದೊಂದಿಗೆ ಬೆಳೆಯುವುದಿಲ್ಲ. ಒಂದು ಹಂತ ದಾಟಿದ ಮೇಲೆ ವಾಲ್ವು ಕ್ಯಾಮಿನ ಬೆನ್ನು ಹತ್ತಲಾರದೆ ತೇಲಾಡುತ್ತದೆ, ಮೇಲೆ ಬಂದ ಪಿಸ್ಟನ್ನು ಅದಕ್ಕೆ ಬಡಿಯುತ್ತದೆ. ತಮ್ಮ ಪಿಸ್ಟನ್ನಿನ ಮೇಲೆ ಮೂಡಿದ ಅಚ್ಚು ಅದೇ.

ಅಂಕಿಯನ್ನು ಬೇರೆಯವರ ಬೈಕಿನಿಂದ ಎರವಲು ತರಬಾರದು. 97.2 ಸಿಸಿಯ ಸಾಮಾನ್ಯ ಎಂಜಿನ್ನಿನಲ್ಲಿ ಸ್ಟ್ರೋಕು 49.5 ಮಿಲಿಮೀಟರ್ ಇರುತ್ತದೆ. ಅದು 10000 ಸುತ್ತು ತಿರುಗಿದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16.5 ಮೀಟರ್. ಹಳೆಯ ಬೀಡುಕಬ್ಬಿಣದ ಬುಲೆಟ್ 350ರಲ್ಲಿ ಸ್ಟ್ರೋಕು 90 ಮಿಲಿಮೀಟರ್ ಆದ್ದರಿಂದ ಅದೇ 16.5 ಮೀಟರ್ ವೇಗ 5500 ಸುತ್ತಿಗೇ ಬಂದುಬಿಡುತ್ತದೆ. ತಮ್ಮ ಎಂಜಿನ್ ರಸ್ತೆಯ ಮೇಲೆ 8000 ಸುತ್ತನ್ನು ತಡೆಯುವಂಥದ್ದೇ. ಆದರೆ ಕೆಲಸ ನಡೆಯುವುದು 3800ರಲ್ಲಿ ಎಂದಾದ ಮೇಲೆ 8000ದವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಪಂಪನ್ನೂ ಲೆಕ್ಕಕ್ಕೆ ತೆಗೆದುಕೊಂಡು 5000ಕ್ಕೆ ಮಿತಿ ಇಡಿ ಎಂಬುದು ನನ್ನ ಸಲಹೆ.

ಇನ್ನು ಒಂದು ಮುಖ್ಯ ವಿಷಯ. ರೇಸಿನ ಬೈಕುಗಳಲ್ಲಿ ಮಿತಿ ಮುಟ್ಟಿದಾಗ ಕಿಡಿ ಕಡಿದು, ವೇಗ ಇಳಿದ ಕೂಡಲೇ ಮತ್ತೆ ಕೊಡುತ್ತಾರೆ. ಹೊಲದಲ್ಲಿ ಹಾಗೆ ಮಾಡಬೇಡಿ. ಕಿಡಿ ಇಲ್ಲದ ಸುತ್ತುಗಳಲ್ಲೂ ಕಾರ್ಬ್ಯುರೇಟರ್ ಪೆಟ್ರೋಲು ಕೊಡುತ್ತಲೇ ಇರುತ್ತದೆ. ಅದು ಉರಿಯದೆ ಸೈಲೆನ್ಸರಿಗೆ ಹೋಗಿ ಸೇರುತ್ತದೆ, ಮುಂದಿನ ಬಿಸಿ ಹೊಗೆ ಬಂದಾಗ ಅಲ್ಲಿ ಢಂ ಎಂದು ಹೊತ್ತಿಕೊಂಡು ಬಾಯಿಂದ ಬೆಂಕಿ ಉಗುಳುತ್ತದೆ. ಒಣ ಹತ್ತಿಕಟ್ಟಿಗೆಯೋ ನೆಲ್ಲು ಹುಲ್ಲೋ ಹತ್ತಿರದಲ್ಲಿದ್ದರೆ ವಾಲ್ವು ಬಾಗಿದ್ದಕ್ಕಿಂತ ಎಷ್ಟೋ ದೊಡ್ಡ ಅನಾಹುತವಾಗುತ್ತದೆ. ಅದರ ಮೇಲೆ, ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ರಿಂಗುಗಳನ್ನು ಬೇಗ ಸವೆಸುತ್ತದೆ. ತಮಗೆ ಬೇಕಾಗಿರುವುದು ಒಮ್ಮೆ ಮಿತಿ ದಾಟಿದರೆ ಎಂಜಿನ್ನನ್ನು ಪೂರ್ತಿ ನಿಲ್ಲಿಸಿ, ಮನುಷ್ಯ ಬಂದು ನೋಡುವವರೆಗೆ ಮತ್ತೆ ಹೊತ್ತದಂತೆ ಹಿಡಿದಿಡುವ ವ್ಯವಸ್ಥೆ.

ಓಡುತ್ತಿರುವಾಗ ಪ್ಲಗ್ಗಿನ ಕ್ಯಾಪನ್ನು ಎಂದಿಗೂ ಕೀಳಬೇಡಿ. ಅಲ್ಲಿ ಹತ್ತು ಸಾವಿರ ವೋಲ್ಟಿಗೂ ಹೆಚ್ಚಿರುತ್ತದೆ, ಕೈಗೂ ಅಪಾಯ, ಕಾಯಿಲಿಗೂ ಅಪಾಯ. ಬೆಲ್ಟಿಗೆ ಇನ್ನೂ ತಗಡಿನ ಮುಚ್ಚಳ ಹಾಕಿಲ್ಲವಾದರೆ ಇವತ್ತೇ ಹಾಕಿಸಿ. ಹೊಲದಲ್ಲಿ ಹೆಣ್ಣುಮಕ್ಕಳು ಸೆರಗು ಸುತ್ತಿಕೊಂಡು, ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅದರ ಪಕ್ಕದಲ್ಲೇ ಓಡಾಡುತ್ತಾರೆ. ಇಳಿಸಿದ ಬೈಕಿನ ನೋಂದಣಿ ಇನ್ನೂ ತಮ್ಮ ಹೆಸರಿನಲ್ಲಿದ್ದರೆ ಆರ್‌ಟಿಒ ಕಚೇರಿಗೆ ಬರೆದು ರದ್ದು ಮಾಡಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಅದನ್ನು ಮಾಲೀಕನ ಹೊಣೆ ಎಂದೇ ಹೇಳುತ್ತದೆ.


ಎಲೆಕ್ಟ್ರಾನಿಕ್ಸ್ ಬೋಧಕ, ಕೊಪ್ಪಳ

ಬಳ್ಳಾರಿಯವರು ಎಂಜಿನ್ನಿನ ಭಾಗವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮಿತಿಯಲ್ಲಿ ಹಿಡಿದು ಓಡಿಸುವುದಕ್ಕಿಂತ ಪೂರ್ತಿ ನಿಲ್ಲಿಸುವುದೇ ಸರಿ ಎಂಬ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಹಾಗೆ ತೀರ್ಮಾನಿಸಿದರೆ ವಿದ್ಯುತ್ತಿನ ಕೆಲಸವೂ ಬಹಳ ಸರಳವಾಗುತ್ತದೆ.

ಮೊದಲು ವಿಡಿಯೊದಲ್ಲಿ ತಾವು ಕಂಡ ವಿಧಾನದ ದೋಷವನ್ನು ಹೇಳಿಬಿಡುತ್ತೇನೆ. ಪ್ಲಗ್ಗಿನ ವೈರಿಗೆ ತಂತಿ ಸುತ್ತಿ ಸುತ್ತುಗಳನ್ನು ಎಣಿಸುವವರು ಕಿಡಿಯನ್ನು ಎಣಿಸುತ್ತಿರುತ್ತಾರೆ, ಎಂಜಿನ್ನನ್ನಲ್ಲ. ಸಾಧನವು ಕಿಡಿಯನ್ನು ಕಡಿದ ಕ್ಷಣದಲ್ಲೇ ಅದಕ್ಕೆ ಎಣಿಸಲು ಏನೂ ಉಳಿಯುವುದಿಲ್ಲ, ಎಂಜಿನ್ ನಿಂತೇಹೋಯಿತೆಂದು ಅದು ತಿಳಿದು ಮತ್ತೆ ಕಿಡಿ ಕೊಡುತ್ತದೆ, ಎಂಜಿನ್ನಾದರೋ ಇನ್ನೂ ಪೂರ್ಣ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಆದ್ದರಿಂದ ಎಣಿಕೆಯನ್ನು ಮ್ಯಾಗ್ನೆಟ್ಟಿನ ಪಕ್ಕದಲ್ಲಿರುವ ಪಲ್ಸರ್ ಕಾಯಿಲಿನಿಂದ ತೆಗೆದುಕೊಳ್ಳಬೇಕು. ಕಿಡಿ ಇರಲಿ ಇಲ್ಲದಿರಲಿ, ಮ್ಯಾಗ್ನೆಟ್ಟು ತಿರುಗುವವರೆಗೂ ಅದು ಸುತ್ತಿಗೊಂದು ಸಂಕೇತ ಕೊಡುತ್ತಲೇ ಇರುತ್ತದೆ.

ತಮ್ಮ ಎಂಜಿನ್ ಬ್ಯಾಟರಿ ಇಲ್ಲದೆ ಓಡುವುದರಿಂದ ಅದರದು ಬಹುತೇಕ ಎಸಿ-ಸಿಡಿಐ, ಅಂದರೆ ಮ್ಯಾಗ್ನೆಟ್ಟಿನ ಕರೆಂಟಿನಿಂದಲೇ ಕಿಡಿ ಕೊಡುವ ಪದ್ಧತಿ ಎನ್ನಬಹುದು. ಮ್ಯಾಗ್ನೆಟ್ಟಿನೊಳಗಿನ ಒಂದು ಕಾಯಿಲು ಸಿಡಿಐ ಡಬ್ಬಿಯೊಳಗಿನ ಕೆಪಾಸಿಟರನ್ನು ನೂರಾರು ವೋಲ್ಟಿಗೆ ತುಂಬುತ್ತದೆ. ಪಲ್ಸರಿನ ಸಂಕೇತ ಬಂದಾಗ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ತೆರೆದುಕೊಂಡು ಆ ಕೆಪಾಸಿಟರ್ ಇಗ್ನಿಷನ್ ಕಾಯಿಲಿನೊಳಗೆ ಬರಿದಾಗುತ್ತದೆ. ಕೀ ಆಫ್ ಮಾಡಿದಾಗ ನಡೆಯುವುದು ಇಷ್ಟೇ: ತುಂಬುವ ಕಾಯಿಲನ್ನು ಎಂಜಿನ್ನಿನ ಲೋಹದ ಮೈಗೆ, ಅಂದರೆ ಅರ್ತಿಗೆ ಮುಟ್ಟಿಸುತ್ತಾರೆ, ಕೆಪಾಸಿಟರ್ ತುಂಬುವುದಿಲ್ಲ, ಕಿಡಿ ಬರುವುದಿಲ್ಲ. ಹೀಗೆ ಮುಟ್ಟಿಸುವುದರಿಂದ ಕಾಯಿಲಿಗೆ ಹಾನಿಯಿಲ್ಲ. ಹೋಂಡಾ ಪದ್ಧತಿಯ ವೈರಿಂಗಿನಲ್ಲಿ ಆ ವೈರು ಸಾಮಾನ್ಯವಾಗಿ ಬಿಳಿ ಗೆರೆಯ ಕಪ್ಪು ಬಣ್ಣದ್ದಾಗಿರುತ್ತದೆ, ಪಲ್ಸರಿನದು ಹಳದಿ ಗೆರೆಯ ನೀಲಿ, ಅರ್ತು ಹಸಿರು. ಆದರೂ ಹಳೆಯ ಎಂಜಿನ್ನುಗಳಲ್ಲಿ ಯಾರು ಯಾವ ಬಣ್ಣದ ತುಂಡನ್ನು ಜೋಡಿಸಿರುತ್ತಾರೋ ಗೊತ್ತಿಲ್ಲವಾದ್ದರಿಂದ ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ: ಬ್ಯಾಟರಿಯಿಂದ ನಡೆಯುವ ಡಿಸಿ-ಸಿಡಿಐನಲ್ಲಿ ಕೀ ಕಡಿಯುವುದು 12 ವೋಲ್ಟಿನ ಪೂರೈಕೆಯನ್ನು. ಆ ವೈರನ್ನು ಅರ್ತಿಗೆ ಮುಟ್ಟಿಸಿದರೆ ಫ್ಯೂಸೇ ಹೋಗುತ್ತದೆ.

ಎಸಿ-ಸಿಡಿಐನ ಆ ಕಪ್ಪು-ಬಿಳಿ ವೈರಿನಲ್ಲಿ ಎಂಜಿನ್ ಓಡುವಾಗ ನೂರು, ಇನ್ನೂರು ವೋಲ್ಟಿನ ಎತ್ತರದ ಏರಿಳಿತವಿರುತ್ತದೆ. 45 ವೋಲ್ಟಿನ ಬಿಸಿ547 ಟ್ರಾನ್ಸಿಸ್ಟರನ್ನು ನೇರವಾಗಿ ಅಲ್ಲಿಗೆ ಕಟ್ಟಿದರೆ ಅದು ಮೊದಲ ಕಿಕ್ಕಿಗೇ ಸುಟ್ಟುಹೋಗುತ್ತದೆ. ಒಂದೊಂದೇ ಕಿಡಿಯನ್ನು ಆರಿಸಿ ಕಡಿಯುವುದಾದರೆ 600 ವೋಲ್ಟಿನ ಟಿವೈಎನ್612ರಂಥ ಎಸ್‌ಸಿಆರ್ ಬೇಕಾಗುತ್ತಿತ್ತು. ತಮಗೆ ಬೇಕಿರುವುದು ಒಮ್ಮೆ ನಿಲ್ಲಿಸುವುದಷ್ಟೇ ಆದ್ದರಿಂದ 250 ವೋಲ್ಟ್ ತಡೆಯುವ ಮಾಮೂಲಿ 12 ವೋಲ್ಟಿನ ಚಿಕ್ಕ ರಿಲೇ ಸಾಕು. ಅದು ಬದಲಾಗಲು ತೆಗೆದುಕೊಳ್ಳುವ ಸುಮಾರು 10 ಮಿಲಿಸೆಕೆಂಡು, 6000 ಸುತ್ತಿನ ಎಂಜಿನ್ನಿಗೆ ಒಂದೇ ಸುತ್ತು.

ರಿಲೇಯನ್ನು ಜೋಡಿಸುವ ಕ್ರಮದಲ್ಲಿ ನನ್ನ ಖಚಿತ ಅಭಿಪ್ರಾಯವೊಂದಿದೆ. ರಸ್ತೆಯ ಬೈಕಿನಲ್ಲಾದರೆ ಸಾಧನ ಕೆಟ್ಟಾಗ ಎಂಜಿನ್ ಓಡುತ್ತಲೇ ಇರಬೇಕು, ಏಕೆಂದರೆ ಲಾರಿಯನ್ನು ಹಿಂದಿಕ್ಕುವಾಗ ಅದು ನಿಂತರೆ ಪ್ರಾಣಕ್ಕೆ ಕುತ್ತು. ಹೊಲದ ಪಂಪಿನಲ್ಲಿ ಇದಕ್ಕೆ ತದ್ವಿರುದ್ಧ: ಸಾಧನ ಕೆಟ್ಟರೆ ಎಂಜಿನ್ ನಿಲ್ಲಬೇಕು. ಆದ್ದರಿಂದ ರಿಲೇಗೆ ವಿದ್ಯುತ್ತಿಲ್ಲದಾಗ ಕೂಡಿಕೊಂಡಿರುವ ಕಾಂಟ್ಯಾಕ್ಟಿನ ಮೂಲಕ ಕಪ್ಪು-ಬಿಳಿ ವೈರನ್ನು ಅರ್ತಿಗೆ ಕಟ್ಟಿ. ಸಾಧನ ಸರಿಯಿದ್ದು ರಿಲೇಯನ್ನು ಎಳೆದು ಹಿಡಿದಾಗ ಮಾತ್ರ ಆ ಕೊಂಡಿ ಬಿಟ್ಟು ಎಂಜಿನ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಇಳಿದರೂ, ರಿಲೇಗೆ ವಿದ್ಯುತ್ತು ಕೊಡುವ ವೈರು ಕಿತ್ತುಬಂದರೂ ಎಂಜಿನ್ ನಿಲ್ಲುತ್ತದೆ. ಬೆನ್ನಿನ ಬ್ಯಾಟರಿ ಪಂಪಿನ 12 ವೋಲ್ಟಿನ ಬ್ಯಾಟರಿಯೇ ಇದಕ್ಕೆ ಸಾಕು. ರಿಲೇ ಮತ್ತು ಸುತ್ತು ಎಣಿಸಲು ಬಳಸುವ, ಪ್ರೋಗ್ರಾಮು ಹಾಕಬಲ್ಲ ಪುಟ್ಟ ಬೋರ್ಡಾದ ಆರ್ಡುಯಿನೊ ನ್ಯಾನೊ ಸೇರಿ 60 ಮಿಲಿಆಂಪಿಯರ್ ಆಸುಪಾಸಿನಲ್ಲಿ ತೆಗೆದುಕೊಳ್ಳುತ್ತವೆ, 8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹತ್ತು ದಿನದ ಕೆಲಸ ನಿರಾಳವಾಗಿ ಆಗುತ್ತದೆ.

ಪಲ್ಸರಿನಿಂದ 10 ಕಿಲೋ-ಓಮಿನ ರೆಸಿಸ್ಟರಿನ ಮೂಲಕ ಒಂದು ಬಿಸಿ547ರ ಬೇಸಿಗೆ ಬನ್ನಿ, ಬೇಸಿನಿಂದ ಎಮಿಟರಿಗೆ ಒಂದು 1ಎನ್4148 ಡಯೋಡನ್ನು ತಿರುಗುಮುರುಗಾಗಿ ಹಾಕಿ. ಪಲ್ಸರ್ ಪ್ರತಿ ಸುತ್ತಿಗೆ ಒಂದು ಧನ, ಒಂದು ಋಣ ಸಂಕೇತವನ್ನು ಕೊಡುತ್ತದೆ, ಹೀಗೆ ಕಟ್ಟಿದರೆ ಧನದ್ದು ಮಾತ್ರ ಎಣಿಕೆಗೆ ಬರುತ್ತದೆ. ಕಲೆಕ್ಟರಿನಿಂದ ನ್ಯಾನೊದ ಇಂಟರಪ್ಟ್ ಕಾಲಿಗೆ (ಪಿನ್ನಿಗೆ) ಕೊಟ್ಟು ಎರಡು ಸಂಕೇತಗಳ ನಡುವಿನ ಸಮಯವನ್ನು ಅಳೆಯಿರಿ. 3800 ಸುತ್ತಿನಲ್ಲಿ ಆ ಅಂತರ 15.8 ಮಿಲಿಸೆಕೆಂಡು, 5000ಕ್ಕೆ 12. ಸತತ ಐದು ಅಂತರಗಳು 12ಕ್ಕಿಂತ ಕಡಿಮೆ ಬಂದರೆ ರಿಲೇಯನ್ನು ಬಿಟ್ಟುಬಿಡಿ, ಅಂದರೆ ಅದರ ವಿದ್ಯುತ್ತನ್ನು ಕಡಿಯಿರಿ. 4 ಮಿಲಿಸೆಕೆಂಡಿಗಿಂತ ಕಡಿಮೆ ಬಂದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು 15000 ಸುತ್ತಿಗೆ ಸಮನಾದ್ದರಿಂದ ಕಿಡಿಯಿಂದ ವೈರಿಗೆ ಹತ್ತುವ ವಿದ್ಯುತ್ ಗದ್ದಲವೇ ಆಗಿರುತ್ತದೆ. ರಿಲೇಯ ಕಾಯಿಲಿಗೆ ಅಡ್ಡಲಾಗಿ 1ಎನ್4007 ಹಾಕುವುದನ್ನು ಮರೆಯಬೇಡಿ.

ಪ್ರೋಗ್ರಾಮಿನಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಕಡೆ ಇದೆ. ಮಿತಿ ದಾಟಿ ರಿಲೇ ಬಿಟ್ಟ ಮೇಲೆ, ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಯಾವುದೋ ಗದ್ದಲದಿಂದ ನ್ಯಾನೊ ರೀಸೆಟ್ ಆದರೆ ಅದು ಹೊಸದಾಗಿ ಆರಂಭವಾಗಿ ಮತ್ತೆ ರಿಲೇಯನ್ನು ಎಳೆಯುತ್ತದೆ, ಸೈಲೆನ್ಸರಿನಲ್ಲಿ ಪೆಟ್ರೋಲು ಸೇರಿರುವ ಹೊತ್ತಿಗೇ ಕಿಡಿ ಮರಳುತ್ತದೆ. ಆದ್ದರಿಂದ ಆರಂಭವಾದೊಡನೆ ಮೂರು ಸೆಕೆಂಡು ಸುಮ್ಮನೆ ಪಲ್ಸರನ್ನು ಗಮನಿಸುವಂತೆ ಬರೆಯಿರಿ. ಒಂದು ಸಂಕೇತವೂ ಬರದಿದ್ದರೆ ಮಾತ್ರ ರಿಲೇಯನ್ನು ಎಳೆದು ಹಸಿರು ದೀಪ ಹೊತ್ತಿಸಲಿ. ದೀಪ ಕಂಡ ಮೇಲೆ ಕಿಕ್ ಹೊಡೆಯಿರಿ.

ಎಂಜಿನ್ನಿಗೆ ಕಟ್ಟುವ ಮುನ್ನ ಮನೆಯಲ್ಲೇ ಪರೀಕ್ಷಿಸಬಹುದು. 230ರಿಂದ 6 ವೋಲ್ಟಿಗೆ ಇಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರಿನ 6 ವೋಲ್ಟಿನ ಬದಿಯನ್ನು ಪಲ್ಸರಿನ ಜಾಗಕ್ಕೆ ಕೊಡಿ. ನಮ್ಮ ಮನೆಯ ಕರೆಂಟು 50 ಹರ್ಟ್ಸ್ ಆದ್ದರಿಂದ ಅದು ನಿಮಿಷಕ್ಕೆ 3000 ಸುತ್ತಿನ ಎಂಜಿನ್ನಿನಂತೆ ಕಾಣುತ್ತದೆ, ರಿಲೇ ಬಿಡಬಾರದು. ಅದೇ 6 ವೋಲ್ಟನ್ನು ಕೆಪಾಸಿಟರ್ ಇಲ್ಲದ ಬ್ರಿಡ್ಜ್ ಡಯೋಡಿನ ಮೂಲಕ ಕೊಟ್ಟರೆ ಸೆಕೆಂಡಿಗೆ 100 ಸಂಕೇತಗಳಾಗಿ 6000 ಸುತ್ತು ಎಂದಾಗುತ್ತದೆ, ರಿಲೇ ತಕ್ಷಣ ಬಿಡಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಕರೆಂಟನ್ನು ಮಾತ್ರ ಎಂದಿಗೂ ಕೊಡಬೇಡಿ.

ಪ್ರೋಗ್ರಾಮು ಬೇಡವೆನ್ನುವವರು ಎಲ್‌ಎಂ2917 ಐಸಿಯಿಂದ ಇದೇ ಕೆಲಸವನ್ನು ಮಾಡಬಹುದು. ಅದು ಸಂಕೇತಗಳ ವೇಗವನ್ನು ವೋಲ್ಟಾಗಿ ಮಾರ್ಪಡಿಸಿ ಹೋಲಿಸಿ ನೋಡುತ್ತದೆ. ಆದರೆ ಅದರ ನಿಖರತೆ ಒಂದು ಕೆಪಾಸಿಟರಿನ ಮೇಲೆ ನಿಂತಿದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಗ್ಗದ ಸೆರಾಮಿಕ್ ಕೆಪಾಸಿಟರಿನ ಅಳತೆ ಸರಿದು ಮಿತಿಯೂ ಸರಿಯುತ್ತದೆ, ಪಾಲಿಯೆಸ್ಟರಿನದನ್ನೇ ಹಾಕಬೇಕು.


ನೆಲ್ಲು ಬೆಳೆಗಾರ, ಗಂಗಾವತಿ

ಬೋಧಕ ಸರ್ ಹೇಳಿದ್ದರಲ್ಲಿ ಅರ್ಧದಷ್ಟು ನನಗೆ ಅರ್ಥವಾಗಲಿಲ್ಲ, ಆದರೂ ಎಚ್‌ಟಿಪಿ ಪಂಪನ್ನು ಒಂಬತ್ತು ವರ್ಷ ಓಡಿಸಿದ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ. ಗನ್ ಮುಚ್ಚಿದಾಗ ಪಂಪಿನ ರೆಗ್ಯುಲೇಟರ್ ಔಷಧವನ್ನು ಮರಳಿ ಡ್ರಮ್ಮಿಗೆ ಬಿಡುತ್ತದೆ, ಆಗ ಭಾರ ಪೂರ್ತಿ ಇಳಿಯುವುದಿಲ್ಲ. ಭಾರ ಒಮ್ಮೆಲೇ ಇಳಿಯುವುದು ಡ್ರಮ್ಮು ಬರಿದಾದಾಗಲೇ. ಹಾಗಿದ್ದ ಮೇಲೆ ಎಂಜಿನ್ ರೇಸ್ ಆಗುವವರೆಗೆ ಏಕೆ ಕಾಯಬೇಕು? ನೀರಿನ ಟ್ಯಾಂಕಿಗೆ ಹಾಕುವಂಥ ಫ್ಲೋಟ್ ಸ್ವಿಚ್ಚನ್ನು ಡ್ರಮ್ಮಿನ ತಳದಿಂದ ನಾಲ್ಕು ಬೆರಳು ಮೇಲೆ ಕಟ್ಟಿ, ಔಷಧ ಆ ಮಟ್ಟಕ್ಕೆ ಇಳಿದ ಕೂಡಲೇ ಎಂಜಿನ್ ನಿಲ್ಲುವಂತೆ ಮಾಡಿಕೊಂಡರೆ ಪಂಪಿನ ವಾಷರುಗಳೂ ಉಳಿಯುತ್ತವೆ. ಬರಿದಾಗಿ ತಿರುಗಿದ ಪಂಪಿನ ವಾಷರುಗಳು ಒಂದೇ ಹಂಗಾಮಿನಲ್ಲಿ ಸುಟ್ಟು ಕರಕಲಾದದ್ದನ್ನು ನಾನು ಕಂಡಿದ್ದೇನೆ. ಮರಳಿ ಬರುವ ನೀರಿನ ರಭಸಕ್ಕೆ ಫ್ಲೋಟು ಕುಣಿಯದಂತೆ ಅದನ್ನು ತೂತುಗಳಿರುವ ಪಿವಿಸಿ ಪೈಪಿನ ತುಂಡಿನೊಳಗೆ ಇಳಿಬಿಡಬೇಕು.


ಎಲೆಕ್ಟ್ರಾನಿಕ್ಸ್ ಬೋಧಕ, ಕೊಪ್ಪಳ

ಗಂಗಾವತಿಯ ಹಿರಿಯರ ಸಲಹೆ ಬಹಳ ಸರಿಯಾದದ್ದು. ನನ್ನ ಗಮನವೆಲ್ಲ ಸುತ್ತಿನ ಮೇಲೆಯೇ ಇದ್ದು ಈ ಕಡೆ ಹರಿಯಲಿಲ್ಲ. ಆದರೆ ಫ್ಲೋಟು ಒಂದೇ ಇದ್ದರೆ ಸಾಲದು. ವಿ-ಬೆಲ್ಟು ಹರಿದರೆ, ಚೈನು ಕಳಚಿದರೆ, ಸಕ್ಷನ್ ಪೈಪು ಬಿರಿದು ಗಾಳಿ ಎಳೆದರೆ ಡ್ರಮ್ಮು ತುಂಬಿದ್ದರೂ ಭಾರ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಸೇರಿಸುವುದು ಕಷ್ಟವಲ್ಲ. ರಿಲೇಯ ಕಾಯಿಲಿಗೆ ಹೋಗುವ 12 ವೋಲ್ಟನ್ನು ಫ್ಲೋಟ್ ಸ್ವಿಚ್ಚಿನ ಮೂಲಕ ಹಾಯಿಸಿ. ಡ್ರಮ್ಮು ಇಳಿದರೂ ವೇಗ ಏರಿದರೂ ಅದೇ ರಿಲೇ ಬಿಡುತ್ತದೆ. ಹೀಗೆ ಮಾಡಿದರೆ ಔಷಧದಲ್ಲಿ ಮುಳುಗಿರುವ ಸ್ವಿಚ್ಚಿನಲ್ಲಿ 12 ವೋಲ್ಟಿಗಿಂತ ಹೆಚ್ಚಿನದು ಎಂದೂ ಹರಿಯುವುದಿಲ್ಲ. ಕಪ್ಪು-ಬಿಳಿ ವೈರನ್ನು ಮಾತ್ರ ಡ್ರಮ್ಮಿನ ಹತ್ತಿರಕ್ಕೂ ಒಯ್ಯಬೇಡಿ.


ವಿದ್ಯಾರ್ಥಿ, ಬಳ್ಳಾರಿ

ನಮಸ್ಕಾರ ಸರ್. ನನ್ನ ಬಳಿ 2022ರ 160 ಸಿಸಿ ಬೈಕಿದೆ. ಎಂಜಿನ್ ಬಾಳಿಕೆ ಹೆಚ್ಚಲೆಂದು 7000 ಸುತ್ತಿಗೆ ನಿಲ್ಲುವಂತೆ ಇದೇ ಸಾಧನವನ್ನು ಅದಕ್ಕೂ ಹಾಕಬಹುದೇ?


ಗ್ಯಾರೇಜಿನವರು, ಬಳ್ಳಾರಿ

ಹಾಕಬೇಡ ತಮ್ಮ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮದ ನಿನ್ನ ಬೈಕಿನಲ್ಲಿ ಇಂಧನವನ್ನು ಇಂಜೆಕ್ಟರ್ ಕೊಡುತ್ತದೆ, ಮಿತಿ ಮುಟ್ಟಿದಾಗ ಅದನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯು ತಾನೇ ನಿಲ್ಲಿಸುತ್ತದೆ. ನೀನು ಹೊರಗಿನಿಂದ ಕಿಡಿಯನ್ನು ಮಾತ್ರ ಕಡಿದರೆ ಇಂಧನ ಬರುತ್ತಲೇ ಇದ್ದು, ಅದು ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸಿಬಿಡುತ್ತದೆ. ನಿನಗೆ 7000 ಸುತ್ತು ಸಾಕೆನಿಸಿದರೆ ಮೀಟರ್ ನೋಡಿ ಗೇರ್ ಬದಲಿಸು.


ಹತ್ತಿ ಬೆಳೆಗಾರ, ಮಾನ್ವಿ

ಎಲ್ಲರಿಗೂ ಕೃತಜ್ಞತೆಗಳು. ಆರು ವಾರಗಳ ಕೆಲಸದ ವರದಿಯನ್ನು ಇಲ್ಲಿಡುತ್ತಿದ್ದೇನೆ.

ಟ್ರಾನ್ಸ್‌ಫಾರ್ಮರಿನ ಪರೀಕ್ಷೆ ಮೊದಲ ದಿನವೇ ಸರಿಯಾಗಿ ಬಂತು, 50ಕ್ಕೆ ರಿಲೇ ಹಿಡಿದೇ ಇತ್ತು, 100ಕ್ಕೆ ಬಿಟ್ಟಿತು. ಎಂಜಿನ್ನಿಗೆ ಕಟ್ಟಿದ ಮೇಲೆ ತೊಂದರೆ ಶುರುವಾಯಿತು. 3000 ಸುತ್ತು ಕೂಡ ದಾಟದಿರುವಾಗ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಎರಡು ದಿನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಕೊನೆಗೆ ನೋಡಿದರೆ ಪಲ್ಸರಿನಿಂದ ತಂದ ವೈರು ಪ್ಲಗ್ಗಿನ ವೈರಿಗೆ ಅಂಟಿಕೊಂಡಂತೆ ಒಂದು ಗೇಣು ಉದ್ದ ಹಾದುಹೋಗಿತ್ತು. ಅದನ್ನು ಚೌಕಟ್ಟಿನ ಇನ್ನೊಂದು ಬದಿಗೆ ಸರಿಸಿ, ಮೇಲೆ ಜಾಲರಿಯಿರುವ ವೈರನ್ನು ಬಳಸಿ, ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತಿಗೆ ಕಟ್ಟಿ, ಪ್ಲಗ್ಗಿಗೆ ರೆಸಿಸ್ಟರ್ ಇರುವ ಕ್ಯಾಪ್ ಹಾಕಿದ ಮೇಲೆ ಒಮ್ಮೆಯೂ ಸುಳ್ಳಾಗಿ ನಿಂತಿಲ್ಲ. ಡಬ್ಬಿಯನ್ನು ಚೌಕಟ್ಟಿಗೆ ನೇರವಾಗಿ ಬಿಗಿಯದೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯಲ್ಲಿ ತೂಗುಬಿಟ್ಟಿದ್ದೇನೆ, ಅದುರಿಗೆ ರಿಲೇ ನಡುಗುವುದಿಲ್ಲ.

ಬೆಲ್ಟನ್ನು ಬೇಕೆಂದೇ ಕಳಚಿ, ಎಲ್ಲರನ್ನೂ ದೂರ ನಿಲ್ಲಿಸಿ ಪರೀಕ್ಷಿಸಿದೆ. ಮ್ಯಾಗ್ನೆಟ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ, ಎರವಲು ತಂದ ಬೆಳಕಿನ ಟ್ಯಾಕೊಮೀಟರಿನಿಂದ ನೋಡಿದಾಗ ವೇಗ ಅತಿ ಹೆಚ್ಚೆಂದರೆ 5400ಕ್ಕೆ ಹೋಗಿ ಇಳಿಯಿತು. 5000 ಎಂದು ಬರೆದಿರುವಾಗ ಇದು ಸರಿಯೇ? ಡ್ರಮ್ಮು ಬರಿದಾದಾಗ ಮಾತ್ರ ವೇಗ ಏರುವ ಮೊದಲೇ ಫ್ಲೋಟು ನಿಲ್ಲಿಸುತ್ತಿದೆ. ಈಗ ನಾನು ಪೈಪಿನ ತುದಿಯಲ್ಲಿದ್ದರೂ ಸದ್ದು ನಿಂತದ್ದು ಕೇಳಿದರೆ ನೀರು ಮುಗಿಯಿತೆಂದು ತಿಳಿಯುತ್ತದೆ.

ಉಳಿದಿರುವ ಚಿಂತೆ ಬಿಸಿಯದು. ಒಂದೂವರೆ ಗಂಟೆ ಓಡಿದ ಮೇಲೆ ಎಂಜಿನ್ನಿನ ಸದ್ದು ಒರಟಾಗುತ್ತದೆ.


ಎಲೆಕ್ಟ್ರಾನಿಕ್ಸ್ ಬೋಧಕ, ಕೊಪ್ಪಳ

ಸರಿಯಾಗಿಯೇ ಇದೆ. ಐದು ಅಂತರಗಳನ್ನು ನೋಡಲು ಸುಮಾರು 60 ಮಿಲಿಸೆಕೆಂಡು, ರಿಲೇಗೆ 10, ಅಷ್ಟರಲ್ಲಿ ಭಾರವಿಲ್ಲದ ಎಂಜಿನ್ ಇನ್ನೂ ಕೆಲವು ನೂರು ಸುತ್ತು ಏರಿರುತ್ತದೆ. ಗದ್ದಲ ನಿಂತಿರುವುದರಿಂದ ಐದನ್ನು ಮೂರಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಹೋಗಬೇಡಿ.


ಗ್ಯಾರೇಜಿನವರು, ಬಳ್ಳಾರಿ

ಬಿಸಿಯ ಪ್ರಶ್ನೆಯನ್ನು ತಾವೇ ಎತ್ತಿದ್ದು ಒಳ್ಳೆಯದಾಯಿತು. ಆ ಎಂಜಿನ್ನನ್ನು ತಣಿಸುವ ಲೋಹದ ರೆಕ್ಕೆಗಳು ಎದುರುಗಾಳಿಯನ್ನು ನಂಬಿಕೊಂಡು ಮಾಡಿದಂಥವು. ಗಂಟೆಗೆ 40 ಕಿಲೋಮೀಟರಿನ ಗಾಳಿ ರಸ್ತೆಯಲ್ಲಿ ತಾನಾಗಿ ಸಿಗುತ್ತಿತ್ತು, ನಿಂತ ಗಾಡಿಯಲ್ಲಿ ಅದು ಸೊನ್ನೆ. ಸ್ಕೂಟರುಗಳಲ್ಲಿ ಮ್ಯಾಗ್ನೆಟ್ಟಿಗೆ ಫ್ಯಾನು ಬಿಗಿದು, ಸಿಲಿಂಡರಿನ ಸುತ್ತ ಹೊದಿಕೆ ಹಾಕಿ ಗಾಳಿ ಹಾಯಿಸುವುದು ಇದಕ್ಕಾಗಿಯೇ. ತಾವು ಅಡ್ಡ ಶಾಫ್ಟಿಗೆ ಇನ್ನೊಂದು ಪುಲ್ಲಿ ಹಾಕಿ ಒಂದು ಫ್ಯಾನನ್ನು ತಿರುಗಿಸಿ, ಅದರ ಗಾಳಿ ಪಕ್ಕಕ್ಕೆ ಚದುರದೆ ಸಿಲಿಂಡರ್ ಮತ್ತು ಹೆಡ್ಡಿನ ರೆಕ್ಕೆಗಳ ನಡುವೆಯೇ ಹಾಯುವಂತೆ ತಗಡಿನ ಹೊದಿಕೆ ಮಾಡಿಸಿ. ಹೊದಿಕೆ ಇಲ್ಲದ ಫ್ಯಾನಿನಿಂದ ಹೆಚ್ಚು ಪ್ರಯೋಜನವಿಲ್ಲ. ಗಾಡಿಯನ್ನು ಬದುವಿನ ಇಳಿಜಾರಿನಲ್ಲಿ ನಿಲ್ಲಿಸಬೇಡಿ, ಎಂಜಿನ್ ವಾಲಿದರೆ ತಳದ ಎಣ್ಣೆ ಒಂದು ಬದಿಗೆ ಸರಿದು ಎಣ್ಣೆ ಪಂಪಿಗೆ ಸಿಗುವುದಿಲ್ಲ.

ಎಂಜಿನ್ ಎಣ್ಣೆಯನ್ನು ಗಂಟೆಗಳ ಲೆಕ್ಕದಲ್ಲಿ ಬದಲಿಸಿ. ರಸ್ತೆಯಲ್ಲಿ 3000 ಕಿಲೋಮೀಟರಿಗೆ ಬದಲಿಸುವವರು ಗಂಟೆಗೆ 40ರಂತೆ 75 ಗಂಟೆ ಓಡಿಸಿರುತ್ತಾರೆ. ಹೊಲದ ದೂಳು ಮತ್ತು ಈ ಬಿಸಿಗೆ ಅದನ್ನು 50 ಗಂಟೆಗೆ ಇಳಿಸಿ, ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಪೆನ್ನಿನಿಂದ ದಿನದಿನದ ಗಂಟೆ ಬರೆದಿಡಿ. ಒಂದೂವರೆ ಗಂಟೆಗೆ ಸದ್ದು ಒರಟಾಗುತ್ತಿದೆ ಎಂದಿದ್ದೀರಿ. ಫ್ಯಾನು ಕೂರಿಸುವವರೆಗೆ ಒಂದು ಗಂಟೆಗೇ ನಿಲ್ಲಿಸಿ, ರೆಕ್ಕೆಯನ್ನು ಕೈಯಿಂದ ಮುಟ್ಟುವಂತಾದ ಮೇಲೆ ಮತ್ತೆ ಕಿಕ್ ಹೊಡೆಯಿರಿ. ತಣ್ಣಗಾದ ದಿನ ಒಮ್ಮೆ ಟ್ಯಾಪೆಟ್ ಬಿಡುವನ್ನೂ (ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದನ್ನು) ನೋಡಿಸಿ, ಹೊಸ ವಾಲ್ವು ಕೂತುಕೊಳ್ಳುವಾಗ ಅದು ಕಡಿಮೆಯಾಗಿರುವ ಸಾಧ್ಯತೆ ಇದೆ.